ಕೊಟ್ರಮ್ಮ ತಿದ್ದದೆ ಬಿಟ್ಟ ಮುಖ

ಹೊಸಪೇಟೆಯಲ್ಲಿ ಫೋಟೋ ಎಂದರೆ ಮರಿಸ್ವಾಮಿ ಎನ್ನುವ ಕಾಲ ಒಂದಿತ್ತು. ತುಂಗಭದ್ರೆಯ ಅಣೆಕಟ್ಟು ಇನ್ನೂ ಬರೀ ಮಾತಾಗಿದ್ದ ದಿನಗಳು. ಕಂಪ್ಲಿ, ಸಂಡೂರುಗಳಿಂದ ಜನ ಬುತ್ತಿ ಕಟ್ಟಿಕೊಂಡು ಫೋಟೋ ತೆಗೆಸಲು ಬರುತ್ತಿದ್ದರು, ಮರಿಸ್ವಾಮಿಯ ಕೈಗುಣ ಹೊಗಳಿ ಹೋಗುತ್ತಿದ್ದರು. ಆ ಹೊಗಳಿಕೆಯಲ್ಲಿ ಮುಕ್ಕಾಲು ಪಾಲು ಸಲ್ಲಬೇಕಾದದ್ದು ಒಳಕೋಣೆಯ ಕಿಟಕಿಯ ಬಳಿ ಕೂತಿರುತ್ತಿದ್ದ ಅವನ ಹೆಂಡತಿ ಕೊಟ್ರಮ್ಮನಿಗೆ. ಊರಿಗೆ ಅದು ಗೊತ್ತಿರಲಿಲ್ಲ. ಊರಿಗೆ ಗೊತ್ತಿಲ್ಲದ್ದು ಬೇಕಾದಷ್ಟಿರುತ್ತದೆ, ಬಿಡಿ.

ಕೊಟ್ರಮ್ಮ ಮಲಪನಗುಡಿಯ ಮಗಳು. ಅವಳು ರಂಗೋಲಿ ಎಳೆ ಬಿಟ್ಟರೆ ಕೂದಲಿಗಿಂತ ಸಣ್ಣಗೆ ಬರುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ಫೋಟೋ ಮೂಡಿದ ಗಾಜಿನ ಪ್ಲೇಟು ಹಿಡಿದು ಪೆನ್ಸಿಲಿನಿಂದ ಒದ್ದಾಡುವುದನ್ನು ನೋಡಿ, "ಇತ್ಲಾಗ ಕೊಡ್ರಿ" ಎಂದಳು. ಅವತ್ತು ಕೊಟ್ಟ ಪೆನ್ಸಿಲು ಮರಿಸ್ವಾಮಿಯ ಕೈಗೆ ಮತ್ತೆ ಬರಲಿಲ್ಲ.

ಪ್ಲೇಟಿನಲ್ಲಿ ಕಪ್ಪು ಬಿಳಿ ಅದಲುಬದಲಾಗಿರುತ್ತದೆ. ಕೆನ್ನೆಯ ಮೇಲೆ ಕುಳಿಯಿದ್ದರೆ ಗಾಜಿನಲ್ಲಿ ಅಲ್ಲೊಂದು ತಿಳಿ ಚುಕ್ಕೆ. ಸೂಜಿಯಂತೆ ಹೆರೆದ ಪೆನ್ಸಿಲಿನಿಂದ ಆ ಚುಕ್ಕೆಯನ್ನು ಮೆಲ್ಲಗೆ ತುಂಬಿದರೆ, ಕಾಗದದ ಮೇಲೆ ಅಚ್ಚಾಗುವಾಗ ಕುಳಿ ಮಾಯವಾಗುತ್ತದೆ. ಕೈ ಒಂದಿಷ್ಟು ಭಾರವಾಯಿತೋ, ಮುಖಕ್ಕೆ ಸುಣ್ಣ ಮೆತ್ತಿದ ಹಾಗೆ ಕಾಣುತ್ತದೆ. ಕೊಟ್ರಮ್ಮನ ಕೈ ಭಾರವಾದದ್ದೇ ಇಲ್ಲ. ಅಜ್ಜಂದಿರ ಹಣೆಯ ಗೆರೆ ಇಳಿಸುತ್ತಿದ್ದಳು, ಸಾಹುಕಾರರ ಗಲ್ಲ ಕರಗಿಸುತ್ತಿದ್ದಳು. ತನ್ನ ಕೆಲಸದ ಬಗ್ಗೆ ಅವಳಿಗೆ ಜಂಬವಿತ್ತು, ಇರಬೇಕಾದ ಜಂಬವೇ.

ಒಂದು ದಿನ ಅಕ್ಕಿ ಗಿರಣಿಯ ಜಡೆಪ್ಪ ತನ್ನ ಮಗಳು ಮರುಳಸಿದ್ದಮ್ಮನನ್ನು ಕರೆತಂದ. ಕಂಪ್ಲಿಯ ಒಂದು ಮನೆತನದಿಂದ ಸಂಬಂಧದ ಮಾತು ಬಂದಿತ್ತು. ಹುಡುಗನ ತಾಯಿ ಅಕ್ಕನಾಗಮ್ಮ ಮೊದಲು ಫೋಟೋ ಕಳಿಸಿ ಎಂದಿದ್ದಳು. ಹುಡುಗಿಗೆ ಚಿಕ್ಕಂದಿನಲ್ಲಿ ಸಿಡುಬಾಗಿತ್ತು. ಅಮ್ಮ ಬಂದು ಹೋದ ಗುರುತು ಎರಡೂ ಕೆನ್ನೆಯ ಮೇಲೆ ಉಳಿದಿತ್ತು.

"ಮರಿಸ್ವಾಮಿ, ಒಂದು ಕುಳಿನೂ ಕಾಣಬಾರದು ನೋಡು" ಎಂದ ಜಡೆಪ್ಪ.

ಒಳ್ಳೆಯ ಕೆಲಸಕ್ಕೆ ಹೊರಟವಳೆಂದು ಮನೆಯ ಹೆಂಗಸರು ಹುಡುಗಿಯ ಮುಖಕ್ಕೆ ಗಟ್ಟಿಯಾಗಿ ಅರಿಶಿನ ಹಚ್ಚಿ ಕಳಿಸಿದ್ದರು. ಬಂಗಾರದಂತೆ ಹೊಳೆಯುತ್ತಿದ್ದಳು. ಆದರೆ ಆಗಿನ ಪ್ಲೇಟುಗಳಿಗೂ ಹಳದಿಗೂ ಹುಟ್ಟಾ ವೈರ. ಕಣ್ಣಿಗೆ ಎಷ್ಟು ಬೆಳಗಿದರೂ ಹಳದಿ ಫೋಟೋದಲ್ಲಿ ಕಪ್ಪಾಗಿಯೇ ಬೀಳುತ್ತಿತ್ತು. ಮರಿಸ್ವಾಮಿ ಮುಖ ತೊಳೆದು ಬರಲು ಹೇಳಿದರೆ, "ಶುಭಕಾರ್ಯದಾಗ ಅರಿಶಿಣ ತೊಳೀತಾರೇನೋ?" ಎಂದು ಜಡೆಪ್ಪ ಗದರಿದ. ಗಿರಣಿ ಸಾಹುಕಾರನ ಮಾತು ಮೀರಲಾರದೆ ಮರಿಸ್ವಾಮಿ ಹುಡುಗಿಯನ್ನು ಎಂದಿನಂತೆ ಮಾಳಿಗೆಯ ಮೇಲೆ ಕೂರಿಸಿದ. ಅರಿಶಿನದ ಮುಖವನ್ನೇ ಫೋಟೋ ಹಿಡಿದ.

ತಿದ್ದುವ ಮೊದಲು ಅಚ್ಚು ಹಾಕಿ ನೋಡಿದರೆ ಫೋಟೋ ರೊಟ್ಟಿ ಹಂಚಿನ ತಳದಂತೆ ಬಂದಿತ್ತು. ಮಾಳಿಗೆಯ ಮೇಲಿನ ಬಿಸಿಲು ನೆತ್ತಿಯಿಂದ ಇಳಿದು ಒಂದೊಂದು ಕುಳಿಯಲ್ಲೂ ನೆರಳು ತುಂಬಿತ್ತು. ಜಡೆಪ್ಪ ಅದನ್ನು ನೋಡಿ ಕೆಂಡವಾದ.

"ನನ್ನ ಮಗಳು ಇಷ್ಟು ಕರ್ರಗ ಅದಾಳೇನೋ? ಇದನ್ನ ಕಂಪ್ಲಿಗೆ ಕಳಿಸಿದ್ರ ನನ್ನ ಮಾನ ಉಳೀತದೇನು?"

ಅಪ್ಪ ಹೊರಗೆ ಕೂಗಾಡುತ್ತಿದ್ದಾಗ ಮಗಳು ಎದ್ದು ಒಳಕೋಣೆಗೆ ಬಂದಳು. ಕೊಟ್ರಮ್ಮನ ಎದುರು ಕೂತು ಪೆನ್ಸಿಲುಗಳನ್ನು ನೋಡಿದಳು.

"ನೀವಾ ಏನ್ರಿ ಕುಳಿ ಮುಚ್ಚೋರು?"

"ಹೂನವ್ವ, ನಾನಾ. ಚಿಂತಿ ಮಾಡಬ್ಯಾಡ, ನಿನ್ನ ಮುಖ ಬೆಣ್ಣಿ ಮಾಡಿ ಕೊಡ್ತೀನಿ."

"ಬ್ಯಾಡ್ರಿ" ಎಂದಳು ಹುಡುಗಿ. "ಹ್ವಾದ ವರ್ಷ ಬಳ್ಳಾರ್ಯಾಗ ಒಬ್ಬರು ಹಂಗ ಮಾಡಿ ಕೊಟ್ಟಿದ್ರು. ಭಾಳ ಚಂದ ಬಂದಿತ್ತು. ಗಂಡಿನ ಕಡ್ಯಾರು ಅದನ್ನ ನೋಡಿ ಮೆಚ್ಚಿ ಮನಿಗೆ ಬಂದ್ರು. ನಾನು ನೀರು ತಂದು ಕೊಟ್ಟೆ. ಫೋಟೋದಾಗಿನ ಹುಡುಗಿ ಎಲ್ಲಿ ಅಂತ ನನ್ನನ್ನಾ ಕೇಳಿದ್ರು. ಎಲಿ ಅಡಕಿ ಮುಟ್ಟದಂಗ ಎದ್ದು ಹ್ವಾದ್ರು."

ಹುಡುಗಿ ಅಳಲಿಲ್ಲ. ಕೊಟ್ರಮ್ಮ ಕೈಯಲ್ಲಿದ್ದ ಪೆನ್ಸಿಲು ಕೆಳಗಿಟ್ಟಳು. ಬಳ್ಳಾರಿಯವನು ಕೆಟ್ಟ ಕೆಲಸ ಮಾಡಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವನು ಚೆನ್ನಾಗಿಯೇ ಮಾಡಿದ್ದ, ತಾನೂ ಅದನ್ನೇ ಮಾಡುತ್ತಿದ್ದಳು. ಇನ್ನೊಮ್ಮೆ ಹಾಗಾದರೆ ಈ ಹುಡುಗಿ ಯಾರ ಮುಂದೆಯೂ ನೀರು ಹಿಡಿದು ನಿಲ್ಲಲಾರಳು ಎಂದು ಅವಳಿಗೆ ಅನಿಸಿತು.

ಮದುವೆಯಾದಾಗಿನಿಂದ ಗಿರಾಕಿಗಳ ಮುಂದೆ ತುಟಿ ಬಿಚ್ಚದ ಕೊಟ್ರಮ್ಮ ಅವತ್ತು ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು.

"ಯಜಮಾನ್ರ, ನಾಳಿ ಮುಂಜಾನಿ ಮಗಳನ್ನ ಕಡ್ಲಿಹಿಟ್ಟು ಹಚ್ಚಿ ಮುಖ ತೊಳಸಿ ಕರ್ಕೊಂಡು ಬರ್ರಿ. ನಾನು ಹೇಳಿದಂಗ ಒಂದು ಫೋಟೋ ಆಗ್ಲಿ. ನಿಮಗ ಒಪ್ಪಿಗಿ ಆಗದಿದ್ರ ಎಲ್ಲಾ ಕುಳಿನೂ ನಾನಾ ಮುಚ್ಚಿ ಕೊಡ್ತೀನಿ."

ಜಡೆಪ್ಪ ಮರಿಸ್ವಾಮಿಯ ಮುಖ ನೋಡಿದ. ಮರಿಸ್ವಾಮಿ ಒಳ್ಳೆಯವನು, ಸುಳ್ಳು ಹೇಳಲು ಬಾರದವನು. "ಆಕಿ ಹೇಳಿದಂಗ ಕೇಳ್ರಿ. ಇಷ್ಟು ದಿನ ನಾನೂ ಅದನ್ನಾ ಮಾಡೇನಿ" ಎಂದ.

ಮರುದಿನ ಕೊಟ್ರಮ್ಮ ಕುರ್ಚಿಯನ್ನು ಬಿಸಿಲಿನಿಂದ ಸರಿಸಿ ಮಾಳಿಗೆಯ ಮೇಲೆಯೇ ಇದ್ದ ಚಪ್ಪರದೊಳಗೆ ಹಾಕಿಸಿದಳು. ಬಡಗಣ ದಿಕ್ಕಿನ ಬೆಳಕಿಗೆ ಅಡ್ಡಲಾಗಿ ಗಂಡನ ಒಗೆದ ಪಂಚೆ ಕಟ್ಟಿದಳು. ಬೆಳಕು ಬಟ್ಟೆಯಲ್ಲಿ ಸೋಸಿ, ಮೆತ್ತಗಾಗಿ ಹುಡುಗಿಯ ಮುಖಕ್ಕೆ ಎದುರಿನಿಂದ ಬಂತು. ನೆರಳಿನ ಬದಿಗೂ ಬೆಳಕು ಚಿಮ್ಮಲೆಂದು ಇನ್ನೊಂದು ಪಂಚೆ ಹಿಡಿದು ತಾನೇ ನಿಂತಳು. ಕುಳಿಗಳು ಇದ್ದಲ್ಲೇ ಇದ್ದವು, ನೆರಳು ಮಾತ್ರ ಅವುಗಳಲ್ಲಿ ನಿಲ್ಲಲಿಲ್ಲ. ನೋಡಿದವರ ಕಣ್ಣು ಮೊದಲು ಹುಡುಗಿಯ ಕಣ್ಣಿಗೆ ಹೋಗುತ್ತಿತ್ತು, ಕೆನ್ನೆಗೆ ಬರುತ್ತಿದ್ದುದು ಆಮೇಲೆ.

"ನಗಬೇಕೇನ್ರಿ?" ಎಂದಳು ಮರುಳಸಿದ್ದಮ್ಮ.

"ನಗು ಬಂದ್ರ ನಗವ್ವ. ಬರದಿದ್ರ ಸುಮ್ನ ಕುಂದ್ರು."

ಅವಳು ನಗಲಿಲ್ಲ. ನೆಟ್ಟಗೆ ನೋಡಿದಳು. ಮರಿಸ್ವಾಮಿ ಫೋಟೋ ಹಿಡಿದ.

ಪ್ಲೇಟು ಒಣಗಿದ ಮೇಲೆ ಕೊಟ್ರಮ್ಮ ಪೆನ್ಸಿಲು ಹೆರೆದು ಕೂತಳು. ಗಲ್ಲದ ಮೇಲೊಂದು ಮೊಡವೆ ಇತ್ತು, ಅದನ್ನು ತುಂಬಿದಳು. ಕೆನ್ನೆಗೆ ಬಂದಾಗ ಬೆರಳು ತಾನಾಗಿಯೇ ಚುಕ್ಕೆಗಳ ಕಡೆ ಓಡಿತು. ಅಷ್ಟು ವರ್ಷದ ರೂಢಿ, ಸುಲಭಕ್ಕೆ ಬಿಡುತ್ತದೆಯೇ? ಕೈಯನ್ನು ಎಳೆದು ತಂದು ಮಡಿಲಲ್ಲಿ ಇಟ್ಟುಕೊಂಡಳು. ತುಂಬುವುದಕ್ಕಿಂತ ತುಂಬದೆ ಕೂರುವುದೇ ಅವತ್ತು ಕಷ್ಟವಾಯಿತು.

ಅಚ್ಚು ಹಾಕಿದ ಮೇಲೆ ರಟ್ಟಿನ ಚೌಕಟ್ಟನ್ನು ಫೋಟೋದ ಮೇಲಿಟ್ಟು ಮೇಲೆ ಕೆಳಗೆ ಸರಿಸಿ ನೋಡಿದಳು. ಹಿಂದಿನ ಪರದೆಯ ಮೇಲೆ ಬರೆದ ಅರಮನೆ, ಹೂದಾನಿ, ಕುರ್ಚಿಯ ಕಾಲು, ಎಲ್ಲವನ್ನೂ ಕತ್ತರಿಸಿ ಎದೆಯಿಂದ ಮೇಲಕ್ಕೆ ಮುಖ ಒಂದನ್ನೇ ಉಳಿಸಿದಳು.

ಜಡೆಪ್ಪ ಬಂದು ನೋಡಿದವನೇ, "ಸೊಂಟದ ಡಾಬು ಎಲ್ಲಿ? ಅಷ್ಟು ತೂಕದ ಡಾಬು ಹಾಕ್ಕೊಂಡು ಕುಂತಿದ್ಲು!" ಎಂದ.

"ಯಜಮಾನ್ರ, ಮನಿ ತುಂಬಸ್ಕೊಳ್ಳೋದು ಡಾಬನ್ನೋ, ಮಗಳನ್ನೋ?"

ಜಡೆಪ್ಪ ಫೋಟೋವನ್ನು ಬೆಳಕಿಗೆ ಹಿಡಿದ. ಮಗಳ ಮುಖ ಅವನನ್ನೇ ನೋಡುತ್ತಿತ್ತು. "ನಮ್ಮವ್ವನ ಕಣ್ಣಾ ಇವು" ಎಂದು ತನಗೆ ತಾನೇ ಅಂದುಕೊಂಡ. ಕುಳಿ ಮುಚ್ಚುವ ಮಾತು ಎತ್ತದೆ ಫೋಟೋವನ್ನು ಕಂಪ್ಲಿಗೆ ಕಳಿಸಿದ.

ಕಂಪ್ಲಿಯವರು ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಅವತ್ತು ಕೊಟ್ರಮ್ಮ ಬರಲೇಬೇಕೆಂದು ಹುಡುಗಿ ಹಟ ಹಿಡಿದಳು. ಜಡೆಪ್ಪನ ಪಡಸಾಲೆಯ ಬಾಗಿಲ ಸಂದಿಯಲ್ಲಿ ಹೆಂಗಸರ ನಡುವೆ ಕೊಟ್ರಮ್ಮ ನಿಂತಳು. ಮುಚ್ಚಿದ್ದರೆ ಒಂದು ತಪ್ಪು, ಮುಚ್ಚದಿದ್ದುದೇ ತಪ್ಪಾಗಿದ್ದರೆ ಆ ಪಾಪ ತನ್ನ ತಲೆಗೆ ಎಂದು ಅವಳು ಯೋಚಿಸುತ್ತಿದ್ದಳು.

ಮರುಳಸಿದ್ದಮ್ಮ ನೀರಿನ ತಂಬಿಗೆ ತಂದಳು. ಅಕ್ಕನಾಗಮ್ಮ ಫೋಟೋವನ್ನು ಮಡಿಲಿನಿಂದ ತೆಗೆದು ಹುಡುಗಿಯ ಮುಖದ ಪಕ್ಕಕ್ಕೇ ಹಿಡಿದಳು. ಇದನ್ನು ನೋಡಿದಳು, ಅದನ್ನು ನೋಡಿದಳು.

"ಫೋಟೋದಾಗ ಬಂದಾಕಿನಾ ಬಂದಾಳ" ಎಂದಳು ಅಕ್ಕನಾಗಮ್ಮ. "ನಮಗ ನಾಕು ಮನಿಯಿಂದ ಫೋಟೋ ಬಂದಾವ್ರಿ. ಎಲ್ಲಾ ತತ್ತಿ ಹಂಗ ನುಣ್ಣಗ. ಯಾರು ಯಾರಂತ ಗುರುತಾ ಹತ್ತಲಿಲ್ಲ. ಕುಳಿ ಇದ್ರೂ ಹಂಗಾ ಕಳಿಸ್ಯಾರಂದ್ರ ಈ ಮನ್ಯಾಗ ಮುಚ್ಚುಮರಿ ಇಲ್ಲ ಅಂತ ನಾನು ಅವತ್ತಾ ಅಂದೆ." ಹಾಗೆಂದವಳೇ ತಟ್ಟೆಗೆ ಕೈ ಹಾಕಿ ಎಲೆ ಅಡಿಕೆ ತೆಗೆದುಕೊಂಡಳು.

ಬಾಗಿಲ ಸಂದಿಯಲ್ಲಿ ಕೊಟ್ರಮ್ಮ ಗೋಡೆಗೆ ಒರಗಿದಳು.

"ಇದನ್ನ ಮಾಡಿದವರು ಯಾರ್ರಿ?" ಎಂದು ಅಕ್ಕನಾಗಮ್ಮ ಕೇಳಿದಳು. ಜಡೆಪ್ಪ ರೂಢಿಯಂತೆ, "ನಮ್ಮ ಮರಿಸ್ವಾಮಿ..." ಎಂದು ಶುರುಮಾಡಿದ. ಕೊಟ್ರಮ್ಮ ಕಾಯಲಿಲ್ಲ. ಹೊಸ್ತಿಲು ದಾಟಿ ಪಡಸಾಲೆಯ ನಡುವೆ ಬಂದು ನಿಂತಳು.

"ಹಿಡದಿದ್ದು ನಮ್ಮ ಮನಿಯವ್ರು. ಬೆಳಕು ಕಟ್ಟಿದಾಕಿ, ಕತ್ತರಿಸಿದಾಕಿ, ತಿದ್ದಿದಾಕಿ ನಾನು. ಕೊಟ್ರಮ್ಮ ಅಂತ."

"ತಿದ್ದಿದ್ಯಾ? ಏನು ತಿದ್ದಿದಿ?" ಎಂದಳು ಅಕ್ಕನಾಗಮ್ಮ, ಫೋಟೋವನ್ನು ಮತ್ತೆ ಕಣ್ಣಿನ ಹತ್ತಿರ ತಂದು.

"ಒಂದು ಮೊಡವಿ ತೆಗದೆ, ಅಷ್ಟಾರಿ. ಹೋಗೋದನ್ನ ತೆಗದೆ, ಇರೋದನ್ನ ಬಿಟ್ಟೆ. ನಿಮ್ಮ ಸೊಸಿ ಮುಖದಾಗ ಬ್ಯಾರೆ ತಿದ್ದೋವಂಥದ್ದು ಏನೂ ಇರಲಿಲ್ಲ."