ಪಿಜ್ಜಾ ಹಿಟ್ಟಿಗೆ ಜೀವ ಬಂದ ದಿನ

ಬಿ.ಎಸ್ಸಿ. ಮುಗಿಸಿ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಸೊಸೆಯಾಗಿ ಬಂದಾಗ ನನಗೆ ಓದಿದವಳೆಂಬ ಜಂಬ ಸ್ವಲ್ಪ ಜಾಸ್ತಿಯೇ ಇತ್ತು. ಕೊರಳಲ್ಲಿ ಲಿಂಗ ಕಟ್ಟಿದ ನಮ್ಮ ಅತ್ತೆಗೆ ನನ್ನ ಡಿಗ್ರಿಯಿಂದ ಏನಾಗಬೇಕು? ಅವರಿಗೆ ಕಾಣುತ್ತಿದ್ದದ್ದು ನನ್ನ ಮುದ್ದೆಯೊಳಗಿನ ಗಂಟು ಮಾತ್ರ. ಅವರ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಕೇಳಬೇಕೆಂದು ನಾನು ಒದ್ದಾಡುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ಪಕ್ಕದ ಮನೆಯ ಮಲಯಾಳಿ ಅಕ್ಕನ ಗಂಡ ಗಲ್ಫ್‌ನಿಂದ ಬ್ರೆಡ್ ಮೆಷಿನ್ ತಂದರು. ಒಂದು ಭಾನುವಾರಕ್ಕೆಂದು ಅದನ್ನು ಕೇಳಿ ತಂದೆ. ಮೊಟ್ಟೆ ಹಾಕಿರುತ್ತಾರೆಂದು ಅತ್ತೆ ಬೇಕರಿಯ ಬನ್ನನ್ನೂ ಮುಟ್ಟುತ್ತಿರಲಿಲ್ಲ. ಮನೆಯಲ್ಲೇ ಪಿಜ್ಜಾ ಮಾಡಿದರೆ ತಿನ್ನಲೇಬೇಕಲ್ಲ ಎಂಬುದು ನನ್ನ ಲೆಕ್ಕಾಚಾರ. ಪಿಜ್ಜಾವನ್ನು ನಾನೂ ಮೈಸೂರಿನಲ್ಲಿ ಒಂದೇ ಸಲ ತಿಂದಿದ್ದೆ ಎಂಬುದನ್ನು ಯಾರಿಗೂ ಹೇಳಲಿಲ್ಲ.

ಮೈದಾ, ನೀರು, ಸಕ್ಕರೆ, ಬೇಕರಿಯವರನ್ನು ಕಾಡಿ ತಂದ ಈಸ್ಟ್, ಎಲ್ಲವನ್ನೂ ಸುರಿದು ಗುಂಡಿ ಒತ್ತಿದೆ. ಮೆಷಿನ್ ಗುರ್ರೆಂದು ತಾನೇ ನಾದಿತು. ನಾನು ಕೈಕಟ್ಟಿ ನಿಂತೆ. ಸ್ವಲ್ಪ ಹೊತ್ತಿಗೆ ಮುಚ್ಚಳದ ಗಾಜಿನೊಳಗೆ ಹಿಟ್ಟು ಮೇಲೇರತೊಡಗಿತು. ಅತ್ತೆ ಬಗ್ಗಿ ನೋಡಿದರು.

"ಇದ್ಯಾಕಮ್ಮಿ ಹಿಂಗ್ ಉಬ್ತಾ ಅದೆ?"

'ಸೋಡಾ ಹಾಕಿದ್ದೀನಿ ಅತ್ತೆ' ಎಂದು ಸುಮ್ಮನಾಗಬಹುದಿತ್ತು. ಓದಿದ ಬಾಯಿ ಸುಮ್ಮನಿರಬೇಕಲ್ಲ. "ಈಸ್ಟ್ ಅಂದ್ರೆ ಜೀವ ಇರೋದು ಅತ್ತೆ. ಸಕ್ಕರೆ ತಿನ್ನುತ್ತೆ, ಉಸಿರು ಬಿಡುತ್ತೆ. ಅದಕ್ಕೇ ಉಬ್ಬೋದು."

ಅತ್ತೆ ಹಿಂದೆ ಸರಿದರು. "ಉಸ್ರಾಡೋದ್ನ ಹಂಚಿನ ಮ್ಯಾಲೆ ಸುಡ್ತೀಯಾ?"

"ಪ್ರಾಣಿಯಲ್ಲ ಅತ್ತೆ, ಅಣಬೆ ಜಾತಿ."

"ಅಣಬೆ ನಾವ್ ಯಾವತ್ತಮ್ಮಿ ತಿಂದಿದ್ದೋ?"

ಪಿಜ್ಜಾ ಕೈತಪ್ಪುತ್ತಿದೆ ಎಂದು ನನಗೆ ಸಿಟ್ಟು ನೆತ್ತಿಗೇರಿತು. "ದೋಸೆ ಹಿಟ್ಟು ಹುಳಿ ಬರೋದೂ ಹೀಗೇ! ಅದರಲ್ಲೂ ಇಂಥವೇ ಇರ್ತವೆ!" ಎಂದುಬಿಟ್ಟೆ. ಮೊಸರೂ ಹೀಗೇ ಎನ್ನುವಷ್ಟರಲ್ಲಿ ಪಕ್ಕದಲ್ಲಿದ್ದ ಗಂಡ ನನ್ನ ಕಾಲು ತುಳಿದರು. ಆದರೆ ದೋಸೆಯ ಕಥೆ ಆಗಲೇ ಮುಗಿದಿತ್ತು. ನಾಳೆಗೆಂದು ರುಬ್ಬಿಟ್ಟಿದ್ದ ಹಿಟ್ಟನ್ನು ಅತ್ತೆ ಹಸುವಿನ ಕಲಗಚ್ಚಿನ ಬಾನಿಗೆ ಸುರಿದರು.

ಕಾವಲಿಯ ಮೇಲೆ ತಟ್ಟೆ ಮುಚ್ಚಿ ಬೇಯಿಸಿದ ಪಿಜ್ಜಾ ಕೆಳಗೆ ಕರಕಲು, ಮೇಲೆ ಹಸಿ. ನಾನೂ ಗಂಡನೂ ಮುಖ ನೋಡಿಕೊಳ್ಳದೆ ತಿಂದೆವು.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಜಗುಲಿಯಲ್ಲಿ ಅತ್ತೆ ಎದುರು ಮನೆಯವರಿಗೆ ಹೇಳುತ್ತಿದ್ದುದು ಒಳಗೆ ಕೇಳಿಸಿತು. "ನಾವು ದ್ವಾಸೆ ಬುಟ್ಬುಟ್ಟೋ ಕಣಮ್ಮಿ. ಇಷ್ಟ್ ವರ್ಸ ತಿಂದಿದ್ದೇ ಪಾಪ. ನಮ್ ಸೊಸೆ ಭಾಳ ಓದವ್ಳೆ, ಅವ್ಳು ಹೇಳಿದ್ಮ್ಯಾಲೇ ಗೊತ್ತಾಗಿದ್ದು. ಅಂಥ ಬುದ್ಧಿವಂತೆ ಈ ಬೀದೀಲಿ ಇನ್ನೊಬ್ಳಿಲ್ಲ."

ನನಗೆ ಅಳು ಬರುವಷ್ಟು ಖುಷಿಯಾಯಿತು. ಕಣ್ಣೊರೆಸಿಕೊಂಡು, ಸತತ ಏಳನೆಯ ದಿನದ ಉಪ್ಪಿಟ್ಟಿಗೆ ರವೆ ಹುರಿಯತೊಡಗಿದೆ.