ದೊಡ್ಡಪ್ಪ ತೆಗೆದಿಟ್ಟ ಲಿಂಗ

ನಮ್ಮ ದೊಡ್ಡವ್ವ ಗುರುಲಿಂಗಮ್ಮನಿಗೆ ತಿಳಿಯದ ಸಂಗತಿ ಬಳಗಾನೂರಿನಲ್ಲಿ ಇರಲಿಲ್ಲ. ಯಾರ ಎಮ್ಮೆ ಯಾವಾಗ ಈಯುತ್ತದೆ, ಯಾರ ಮನೆಯ ಸಂಬಂಧ ಕೂಡಿಬರುವುದಿಲ್ಲ, ಎಲ್ಲ ಅವಳ ನಾಲಿಗೆ ತುದಿಯಲ್ಲೇ ಇರುತ್ತಿತ್ತು. ಅಂಥವಳು ಈ ಬೇಸಿಗೆಯಲ್ಲಿ ಒಂದೇ ಒಂದು ಮಾತು ಅರ್ಥವಾಗದೆ ಸೊರಗಿಹೋದಳು. ನನಗೆ ಮೊದಲು ನಗು ಬಂತು, ಆಮೇಲೆ ಸಂಕಟವಾಯಿತು.

ಸುರುವಾದದ್ದು ಸವಳು ಭೂಮಿಯಿಂದ. ಕಾಲುವೆ ನೀರು ಕುಡಿದು ಕುಡಿದು ಉಪ್ಪೇರಿದ ಹೊಲದಲ್ಲಿ ಭತ್ತ ಬಾರದಾದಾಗ, ಅವಳ ಗಂಡ, ನಮ್ಮ ದೊಡ್ಡಪ್ಪ ಶಿವಶರಣಪ್ಪ, ಹೊಂಡ ತೋಡಿಸಿ ಮೀನು ಬಿಡಿಸಿದ. ಮೀನಿನ ಸಂತಾನದ ಬಗ್ಗೆ ಸಂಶೋಧನೆ ಮಾಡುವ ಮಸ್ಕಿಯ ಹುಡುಗಿ ಸಂಘಮಿತ್ರಾ ಒಂದು ಹೊಂಡವನ್ನು ತನ್ನ ಪ್ರಯೋಗಕ್ಕೆ ಕೇಳಿ ಪಡೆದಳು. ಮೀನು ಮುಟ್ಟದ ಮನೆತನ ನಮ್ಮದು, ನೆಂಟರು ಆಡಿಕೊಂಡರು. ಮೀನಿನ ಹೆಸರು ಜಿಲೇಬಿ ಎಂದು ಕೇಳಿದ ದೊಡ್ಡವ್ವ ಮಾತ್ರ, ಹೆಸರಾದರೂ ಸಿಹಿಯಾಗಿದೆಯಲ್ಲ ಎಂದು ನಕ್ಕು ಸುಮ್ಮನಾಗಿದ್ದಳು.

ಪ್ರಯೋಗ ಸುರುವಾದ ಮೇಲೆ ದೊಡ್ಡಪ್ಪ ಒಂದು ಹೊಸ ಚಾಳಿ ಹಚ್ಚಿಕೊಂಡ. ಮುಂಜಾನೆ ಪೂಜೆ ಮುಗಿಸಿ, ಕೊರಳಿಗೆ ಕಟ್ಟಿಕೊಳ್ಳಬೇಕಾದ ಲಿಂಗವನ್ನು ದೇವರ ಜಗಲಿಯ ಮೇಲೆಯೇ ಇಟ್ಟು ಹೊಂಡಕ್ಕೆ ಹೋಗತೊಡಗಿದ. ಉಸಿರಿರುವ ತನಕ ಮೈಮೇಲಿಂದ ಇಳಿಸಬಾರದ್ದು ಅದು. ಯಾಕೆಂದು ಕೇಳಿದರೆ ಮುಖ ತಿರುಗಿಸಿ ನಡೆದುಬಿಡುತ್ತಿದ್ದ.

ಹೀಗಿರುವಾಗ ಒಂದು ದಿನ ಅವನ ಫೋನಿನ ಸ್ಪೀಕರಿನಲ್ಲಿ ಸಂಘಮಿತ್ರಾಳ ಮಾತು ಅಡುಗೆಮನೆಯವರೆಗೂ ಕೇಳಿಸಿತು.

“ಲಿಂಗ ಬದಲಾವಣೆ ಪೂರಾ ಆಗ್ಯಾದ್ರಿ ಯಜಮಾನ್ರ.”

“ಚಲೋ ಆತು ಬಿಡವಾ,” ಎಂದ ದೊಡ್ಡಪ್ಪ, ಯಾವ ಉಮೇದೂ ಇಲ್ಲದ ದನಿಯಲ್ಲಿ.

ದೊಡ್ಡವ್ವ ಹಾಕಿದ ರೊಟ್ಟಿ ಹಂಚಿನ ಮೇಲೇ ಕರಕಾಯಿತು. ಸಂಘಮಿತ್ರಾಳ ಮನೆಯವರು ಬುದ್ಧನನ್ನು ನಂಬಿದವರು. ಗಂಡನೂ ಲಿಂಗ ಬಿಟ್ಟು ಆ ಕಡೆ ಹೋದನೇ? ಹೋಗುವವನು ದಿನಾ ಪೂಜೆಯನ್ನೇಕೆ ಮಾಡುತ್ತಾನೆ? ಯಾವ ಕಡೆಯಿಂದ ಯೋಚಿಸಿದರೂ ತಾಳೆಯಾಗುತ್ತಿರಲಿಲ್ಲ. ಹೆದರಿಕೆ ಮಾತ್ರ ಬೇರೆಯದೇ ಇತ್ತು. ಮಕ್ಕಳಾಗಲಿಲ್ಲವೆಂದು ನೆಂಟರು ಹಿಂದೆ ಎರಡನೇ ಮದುವೆಗೆ ಒತ್ತಾಯಿಸಿದಾಗ, ತನಗೆ ಮಕ್ಕಳ ಹಂಬಲವೇ ಇಲ್ಲ, ಕಟ್ಟಿಕೊಂಡ ಲಿಂಗವನ್ನೂ ಕೈಹಿಡಿದವಳನ್ನೂ ಬದಲಿಸುವವನು ತಾನಲ್ಲ ಎಂದು ದೊಡ್ಡಪ್ಪ ಅವರ ಬಾಯಿ ಮುಚ್ಚಿಸಿದ್ದ. ಆ ಮಾತನ್ನು ನಂಬಿಯೇ ಅವಳು ಬಾಳಿದ್ದಳು. ಈಗ ಒಂದನ್ನು ಬದಲಿಸಿದವನು ಇನ್ನೊಂದನ್ನು ಉಳಿಸಿಕೊಳ್ಳುತ್ತಾನೆಯೇ ಎಂದು ನನ್ನನ್ನು ಕೇಳಿದಳು. ಜಗಲಿಯ ಮೇಲೆ ಲಿಂಗವನ್ನು ಕಂಡಿದ್ದರಿಂದ ಓದಿದ ನನಗೂ ಆ ಮಾತಿಗೆ ಬೇರೆ ಅರ್ಥ ಹೊಳೆದಿರಲಿಲ್ಲ.

ಕೊನೆಗೆ ಜಗಲಿಯ ಮೇಲಿನ ಲಿಂಗವನ್ನು ಸೆರಗಿನಲ್ಲಿ ಗಂಟುಹಾಕಿಕೊಂಡು, ನನ್ನನ್ನೂ ಎಳೆದುಕೊಂಡು ಹೊಂಡಕ್ಕೆ ಹೊರಟಳು. ಅಲ್ಲಿ ಮೇವು ಹಾಕುತ್ತಿದ್ದ ದೊಡ್ಡಪ್ಪನನ್ನು ದಾಟಿ ಸಂಘಮಿತ್ರಾಳ ಎದುರು ನಿಂತು, ನನ್ನ ಗಂಡನ ಲಿಂಗ ಬದಲಿಸಲು ನೀನು ಯಾರು ಎಂದು ಕೇಳಿಯೇಬಿಟ್ಟಳು. ಪಾಪ, ಆ ಹುಡುಗಿ ಕಣ್ಣು ಕಣ್ಣು ಬಿಟ್ಟಳು. ತಿಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಗಂಡು, ಹೆಣ್ಣು ಎನ್ನುವುದಕ್ಕೇ ಪುಸ್ತಕದಲ್ಲಿ ಲಿಂಗ ಎನ್ನುತ್ತಾರೆ, ಬದಲಾದದ್ದು ಮೀನುಮರಿಗಳದ್ದು ಎಂದು ಬಿಡಿಸಿ ಹೇಳಿದಳು. ಮೇವಿನಲ್ಲಿ ಔಷಧಿ ಕಲಸಿ ಹಾಕಿದರೆ ಎಲ್ಲ ಗಂಡಾಗುತ್ತವೆ. ಹೆಣ್ಣಿದ್ದರೆ ಮರಿಗಳು ಹುಟ್ಟಿ ಹುಟ್ಟಿ ಹೊಂಡ ತುಂಬಿ, ಯಾವುದೂ ದೊಡ್ಡದಾಗುವುದಿಲ್ಲ.

“ಹಂಗಾರ ಈ ನೀರಾಗ ಒಂದೂ ಮರಿ ಹುಟ್ಟಂಗಿಲ್ಲೇನವ್ವಾ?” ಎಂದು ದೊಡ್ಡವ್ವ ಕೇಳಿದಳು.

ಒಂದೂ ಹುಟ್ಟುವುದಿಲ್ಲ ಎಂದಳು ಸಂಘಮಿತ್ರಾ, ಸ್ವಲ್ಪ ಹೆಮ್ಮೆಯಿಂದಲೇ.

ದೊಡ್ಡವ್ವನಿಗೆ ಹೋದ ಜೀವ ಬಂದಂತಾಯಿತು. ಆದರೂ ಗೊಂದಲ ಪೂರ್ತಿ ಹರಿಯಲಿಲ್ಲ. ಸೆರಗಿನ ಗಂಟು ಬಿಚ್ಚಿ ಗಂಡನ ಮುಂದೆ ಹಿಡಿದಳು.

“ಮತ್ತ ಇದನ್ನ ಯಾಕ ತೆಗೆದಿಟ್ರಿ?”

ದೊಡ್ಡಪ್ಪ ಮೇವು ಹತ್ತಿದ ಕೈಯನ್ನು ನೀರಲ್ಲಿ ಅದ್ದಿ ಬಹಳ ಹೊತ್ತು ತಿಕ್ಕಿದ.

“ಇದರ ಮುಂದ ಕುಂತು ಇಷ್ಟು ವರ್ಷ ಕೂಸು ಬೇಡೀನಿ. ಈಗ ಇದನ್ನ ಎದಿಗೆ ಕಟಗೊಂಡು, ಹುಟ್ಟಬಾರದಂತ ಮೇವು ಹೆಂಗ ಹಾಕಲಿ?”

ದೊಡ್ಡವ್ವ ಬದುವಿನ ಮೇಲೆ ಕೂತಳು. ದಿನಾ ಅವನ ಪಕ್ಕದಲ್ಲೇ ಕೂತು ಪೂಜೆ ಮಾಡಿದವಳು, ಕೂಸು ಬೇಡಿಕೊಂಡವಳು ತಾನೊಬ್ಬಳೇ ಎಂದು ತಿಳಿದಿದ್ದಳು.

“ನೀವೂ ಬೇಡತಿದ್ರೇನು?” ಎಂದಳು.

ದೊಡ್ಡಪ್ಪ ತೊಳೆದ ಕೈಯನ್ನೇ ಮತ್ತೆ ನೀರಲ್ಲಿ ಅದ್ದಿದ.