ಅಣ್ಣನ ಮುಷ್ಟಿ

ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಗಂಡು ಹಾರ್ಮೋನಿನ ಮೊದಲ ಇಂಜೆಕ್ಷನ್ ಸೊಂಟಕ್ಕೆ ಚುಚ್ಚಿಸಿಕೊಂಡೆ. ಕೂರಲಾಗದೆ ಬಸ್ಸಿನಲ್ಲಿ ಕಮಲಾಪುರದವರೆಗೂ ನಿಂತೇ ಬಂದೆ. ಮನೆಯಲ್ಲಿ ಅಣ್ಣ ನನ್ನ ಚೀಲ ಕಸಿದು, ನೆಲಕ್ಕೆ ಸುರುವಿ, ಡಾಕ್ಟರ ಚೀಟಿ ಓದಿದ.

"ಗಂಡಸಾಗಾಕತ್ತೀ ಏನ? ಹಂಗಾರ ಗಂಡಸಿನಂಗ ಹೊಡ್ತ ತಿನ್ನು!" ಎಂದು ಮುಖಕ್ಕೆ ಗುದ್ದಿದ. ತುಟಿ ಸೀಳಿತು, ಹಲ್ಲೊಂದು ಅಲ್ಲಾಡಿತು. ಅಷ್ಟು ವರ್ಷ ಅವನಿಂದ ನಾನು ತಿಂದಿದ್ದೆಲ್ಲ ಅಂಗೈ ಏಟು. ಮುಷ್ಟಿ ಬಿದ್ದದ್ದು ಅಂದೇ ಮೊದಲು.

ಅವ್ವ ಓಡಿ ಬಂದು ನಡುವೆ ನಿಂತಳು. "ಬ್ಯಾಡೋ, ಹೆಣ್ಮಗಳಿಗೆ ಹಂಗ ಹೊಡಿಬಾರ್ದು!"

ಆ ಮಾತು ಗುದ್ದಿಗಿಂತ ಆಳಕ್ಕೆ ಇಳಿಯಿತು. ಬಾಯಿಯ ರಕ್ತ ಉಗಿದು, ಅವ್ವನನ್ನು ಪಕ್ಕಕ್ಕೆ ಸರಿಸಿ, ಮತ್ತೆ ಅವನೆದುರೇ ಹೋಗಿ ನಿಂತೆ. ಆ ಮನೆಯಲ್ಲಿ ನನ್ನನ್ನು ಗಂಡಸೆಂದು ಕಂಡವನು ಆ ಪಾಪಿಯೊಬ್ಬನೇ.